ದುಡಿಯುವವನಿಗೂ ಎರಡು ದಿನ ಮೈಸೂರು

"ಗಿರಣಿ ಆಳಿಗೆ ಮೈಸೂರು ನೋಡುವ ಷೋಕಿ ಏಕೆ?" ಎಂದು ಕೇಳುವವರು ದಾವಣಗೆರೆಯಲ್ಲಿ ಕಡಮೆಯಿಲ್ಲ. ಮಾಲೀಕರು ಹಾಗೆ ಕೇಳಿದರೆ ಆಶ್ಚರ್ಯಪಡಬೇಕಾದ್ದಿಲ್ಲ. ಆಳು ರಜೆ ಎಂದೊಡನೆ ಅವರ ಕಣ್ಣಿಗೆ ಕಟ್ಟುವುದು ನಿಂತುಹೋದ ಯಂತ್ರ. ಆದರೆ ನಮ್ಮ ಸಂಗಾತಿಗಳಲ್ಲೇ ಕೆಲವರು, "ಮೊದಲು ಕೂಲಿಯ ಮಾತಾಡೋಣ, ತಿರುಗಾಟದ ಮಾತು ಆಮೇಲೆ" ಎನ್ನುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೂ ಅದು ತಪ್ಪು ಮಾತು. ಕೂಲಿ, ದುಡಿಮೆಯ ಹೊತ್ತು, ಬಿಡುವು ಈ ಮೂರೂ ಒಂದೇ ಹಗ್ಗದ ಎಳೆಗಳು. ಒಂದನ್ನು ಬಿಟ್ಟುಕೊಟ್ಟರೆ ಉಳಿದೆರಡೂ ಸಡಿಲವಾಗುತ್ತವೆ.

ಭಾನುವಾರದ ರಜೆ ಯಾರೂ ದಯೆಯಿಂದ ಕೊಟ್ಟದ್ದಲ್ಲ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ವಾರದ ಏಳೂ ದಿನ ದುಡಿಸುತ್ತಿದ್ದ ಕಾಲದಲ್ಲಿ, ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಿಂದ ಬಂದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಿಂದ ವಾರಕ್ಕೊಂದು ರಜೆ ಬೇಕೆಂದು ಕೆಲಸಗಾರರನ್ನು ಕೂಡಿಸಿ ಕೇಳುತ್ತ ಬಂದರು. ಕಡೆಗೆ 1890ರ ಜೂನ್ 10ರಂದು ಮಾಲೀಕರು ಒಪ್ಪಿದರು. ಒಂದು ಭಾನುವಾರಕ್ಕೆ ಆರು ವರ್ಷ ಹಿಡಿಯಿತು. ಅಂಥ ದಿನವನ್ನು ನಾವು ಸಂತೆ, ಬಟ್ಟೆ ಒಗೆತ, ನಿದ್ದೆ ಇಷ್ಟರಲ್ಲೇ ಕಳೆದರೆ, "ಇವರಿಗೆ ರಜೆಯ ಅಗತ್ಯವಿಲ್ಲ, ಓಟಿ ಕೊಟ್ಟರೆ ಸಾಕು" ಎನ್ನುವವರಿಗೆ ನಾವೇ ಸಾಕ್ಷಿ ಒದಗಿಸಿದಂತಾಯಿತು.

ಈಗಿನ ಕಾನೂನು ಏನು ಹೇಳುತ್ತದೆ? 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ನಮಗೆ ವಿರುದ್ಧವಾದುದು ಬಹಳವಿದೆ. ಅದನ್ನು ಇನ್ನೊಮ್ಮೆ ಬರೆಯಬೇಕು. ಆದರೆ ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದು ಎಂಬ ಮಾತು ಅದರಲ್ಲೂ ಉಳಿದಿದೆ. ವರ್ಷದಲ್ಲಿ 180 ದಿನ ದುಡಿದವನಿಗೆ, ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಪಗಾರ ಸಹಿತ ರಜೆ ಸಲ್ಲಬೇಕೆಂದೂ ಇದೆ. ಇನ್ನೊಂದು ಕಡೆ, 2023ರಲ್ಲಿ ಕರ್ನಾಟಕ ಸರಕಾರ ಕಾರ್ಖಾನೆ ಕಾನೂನನ್ನು ತಿದ್ದಿ, ವಾರದ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿಕೊಟ್ಟಿತು. ನಾಲ್ಕು ದಿನ ಹೆಚ್ಚು ದುಡಿ, ಮೂರು ದಿನ ಬಿಡುವು ಪಡೆ ಎಂಬುದು ಅದರ ಲೆಕ್ಕ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಹನ್ನೆರಡು ಗಂಟೆ ದುಡಿದವರು ನಿಮ್ಮಲ್ಲಿ ಎಷ್ಟು ಮಂದಿ, ಆ ಮೂರು ದಿನ ಪಡೆದವರು ಎಷ್ಟು ಮಂದಿ, ಎಣಿಸಿ ನೋಡಿರಿ.

ಆದುದರಿಂದ ರಜೆಯನ್ನು ಉಳಿಸಿಕೊಳ್ಳುವ ಮೊದಲ ದಾರಿ ಅದನ್ನು ಬಳಸುವುದು. ಶನಿವಾರಕ್ಕೆ ಒಂದು ಹಕ್ಕಿನ ರಜೆ ಬರೆದುಕೊಟ್ಟರೆ ಭಾನುವಾರ ಸೇರಿ ಎರಡು ದಿನವಾಗುತ್ತದೆ. ಶುಕ್ರವಾರ ರಾತ್ರಿ ದಾವಣಗೆರೆಯಲ್ಲಿ ರೈಲು ಹತ್ತಿದರೆ ಅರಸೀಕೆರೆ, ಹಾಸನದ ಮೇಲೆ ಬೆಳಿಗ್ಗೆ ಮೈಸೂರು. ಭಾನುವಾರ ರಾತ್ರಿ ಅಲ್ಲಿ ಹತ್ತಿದರೆ ಸೋಮವಾರ ಬೆಳಿಗ್ಗೆ ಮರಳಿ ನಮ್ಮೂರು. ಎರಡು ಹಗಲು ಕೈಗೆ ಸಿಗುತ್ತವೆ. ತಂಗುವುದಕ್ಕೆ ಹಣ ಕೊಡಬೇಕಾದ್ದು ಶನಿವಾರದ ಒಂದೇ ರಾತ್ರಿಗೆ.

ಒಬ್ಬನೇ ಹೋಗುವುದಕ್ಕಿಂತ ಗೆಳೆಯನೊಬ್ಬ ಜತೆಗಿದ್ದರೆ ಕೊಠಡಿಯ ಬಾಡಿಗೆ ಅರ್ಧವಾಗುತ್ತದೆ, ಆಟೋ ಬಾಡಿಗೆ ಅರ್ಧವಾಗುತ್ತದೆ. ಆದರೆ ಇಲ್ಲಿಯೇ ಒಂದು ತೊಡಕೂ ಇದೆ. ನಮ್ಮ ಓದುಗರಲ್ಲಿ ಗಿರಣಿಯವರೂ ಇದ್ದಾರೆ, ಸಣ್ಣ ಅಂಗಡಿಯವರೂ ಇದ್ದಾರೆ. ಒಂದೇ ಓಣಿಯ ಹಮಾಲನೂ ಕಿರಾಣಿ ಅಂಗಡಿಯವನೂ ಬಾಲ್ಯದ ಗೆಳೆಯರಾಗಿರುವುದು ಅಪರೂಪವಲ್ಲ. ಇಬ್ಬರ ನಡುವೆ ಉದ್ರಿ ಪುಸ್ತಕವೂ ಇರುತ್ತದೆ. ಇಂಥ ಇಬ್ಬರು ಹೊರಟಾಗ ಖರ್ಚು ಹೇಗೆ? "ಇರಲಿ ಬಿಡೋ, ನಾನೇ ಕೊಡ್ತೀನಿ" ಎಂದು ಒಬ್ಬ ಎರಡು ಸಲ ಅಂದರೆ ಸಾಕು, ಮೂರನೆಯ ಸಲಕ್ಕೆ ಇನ್ನೊಬ್ಬನಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಒಬ್ಬ ಉಣಿಸುವವನು, ಒಬ್ಬ ಉಣ್ಣುವವನು ಆದರೆ ಅಲ್ಲಿಗೆ ಗೆಳೆತನ ಹೋಗಿ ದಣಿ-ಆಳಿನ ಸಂಬಂಧ ಬರುತ್ತದೆ.

ಇದಕ್ಕೆ ಒಂದೇ ಪರಿಹಾರ. ಹೊರಡುವ ಮೊದಲೇ ಇಬ್ಬರೂ ಸಮನಾದ ಹಣವನ್ನು ಒಂದೇ ಚೀಲಕ್ಕೆ ಹಾಕಬೇಕು. ಎಷ್ಟು ಹಾಕಬೇಕೆಂಬ ಅಂಕಿಯನ್ನು ಕಡಮೆ ಇದ್ದವನೇ ಮೊದಲು ಹೇಳಬೇಕು. ಹೆಚ್ಚಿದ್ದವನು ಅದಕ್ಕೆ ಒಪ್ಪಬೇಕು. ಟಿಕೆಟ್ಟು, ಕೊಠಡಿ, ಊಟ, ಚಹ ಎಲ್ಲವೂ ಆ ಚೀಲದಿಂದಲೇ. ಚೀಲ ಒಬ್ಬನ ಕೈಯಲ್ಲಿ, ಲೆಕ್ಕದ ಚೀಟಿ ಇನ್ನೊಬ್ಬನ ಕೈಯಲ್ಲಿ ಇರಲಿ. ಉಳಿದದ್ದನ್ನು ಊರಿಗೆ ಬಂದು ಸಮನಾಗಿ ಹಂಚಿಕೊಳ್ಳಬಹುದು. ಉದ್ರಿ ಪುಸ್ತಕ ಮಾತ್ರ ಅಂಗಡಿಯ ಗಲ್ಲಾದಲ್ಲೇ ಉಳಿಯಬೇಕು. ಮೈಸೂರಿನ ದಾರಿಯಲ್ಲಿ ಹಳೆಯ ಬಾಕಿಯ ಸುದ್ದಿ ಬರಬಾರದು. ಇನ್ನೊಂದು ಮಾತು: ಬಡ್ಡಿಗೆ ಸಾಲ ತಂದು ಯಾರೂ ಊರು ನೋಡಲು ಹೋಗಬೇಡಿರಿ. ವಾರಕ್ಕೆ 200 ರೂಪಾಯಿ ಎತ್ತಿಟ್ಟರೆ ಎಂಟು ವಾರಕ್ಕೆ ತಲಾ 1,600 ರೂಪಾಯಿ ಆಗುತ್ತದೆ. ಕೈ ಬಿಗಿಹಿಡಿದರೆ ಅಷ್ಟರಲ್ಲಿ ಹೋಗಿ ಬರಬಹುದು.

ಅಂಗಡಿಯವನ ಕಷ್ಟ ಬೇರೆ. ಅವನು ತಾನೇ ಮಾಲೀಕ, ತಾನೇ ಆಳು. ಎರಡು ದಿನ ಬಾಗಿಲು ಹಾಕಿದರೆ ಗಿರಾಕಿ ದೊಡ್ಡ ಮಾಲಿಗೆ ಹೋದಾನೆಂಬ ಭಯ. ಆದರೆ ಅಕ್ಕಪಕ್ಕದ ನಾಲ್ಕು ಅಂಗಡಿಯವರು ಮಾತಾಡಿಕೊಂಡು ಸರದಿಯ ಮೇಲೆ ರಜೆ ಮಾಡಿದರೆ, ಒಬ್ಬನ ಗಿರಾಕಿಯನ್ನು ಇನ್ನೊಬ್ಬ ನೋಡಿಕೊಂಡರೆ, ಆ ಭಯ ಅರ್ಧ ಇಳಿಯುತ್ತದೆ. ಅದಕ್ಕೆ ಸಂಘ ಬೇಕು. ಗಿರಣಿಯವರಿಗೆ ಮಾತ್ರ ಸಂಘ, ವ್ಯಾಪಾರಿಗೆ ಅವನ ಹಣೆಬರಹ ಎಂದು ಯಾರು ಹೇಳಿದರು?

ಮೈಸೂರಿನಲ್ಲಿ ಕಾಸಿಲ್ಲದೆ ನೋಡುವುದಕ್ಕೆ ಬೇಕಾದಷ್ಟಿದೆ. ಶನಿವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ನಡೆದರೆ ರಾತ್ರಿ ರೈಲಿನ ಆಯಾಸ ಕಳೆಯುತ್ತದೆ. ಅಲ್ಲಿಂದ ದೇವರಾಜ ಮಾರುಕಟ್ಟೆಗೆ ಹೋಗಿರಿ. ಹೂವು, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮದ ರಾಶಿ ಎಲ್ಲವೂ ಸಣ್ಣ ವ್ಯಾಪಾರಿಗಳ ಕೈಯಲ್ಲಿ. 2016ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಿ ಉಳಿಸಬೇಕೋ ಎಂಬ ವಾದ ಅಂದಿನಿಂದ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ನಮ್ಮ ವ್ಯಾಪಾರಿ ಮಿತ್ರರು ಅಲ್ಲಿಯ ಮಳಿಗೆಯವರೊಡನೆ ಹತ್ತು ನಿಮಿಷ ನಿಂತು ಮಾತಾಡಲಿ. ಮಾರುಕಟ್ಟೆ ಕೆಡವುವ ಮಾತು ಬಂದಾಗ ಒಕ್ಕಟ್ಟು ಎಷ್ಟು ಬೇಕಾಗುತ್ತದೆಂಬುದು ನಮ್ಮೂರಿಗೂ ಬೇಕಾದ ಪಾಠ.

ಗಿರಣಿಯವರು ಮಾನಂದವಾಡಿ ರಸ್ತೆಯ ಸರಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ಕಡೆ ಹೋಗಬೇಕು. 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಆರಂಭಿಸಿದ ಕಾರ್ಖಾನೆ ಅದು. ಭಾನುವಾರಕ್ಕಿಂತ ಶನಿವಾರ ಹೋಗುವುದು ವಾಸಿ. ಒಳಗೆ ಬಿಡುವರೋ ಇಲ್ಲವೋ ಬಾಗಿಲಲ್ಲಿ ವಿಚಾರಿಸಿರಿ. ಪಕ್ಕದ ಮಳಿಗೆಯಲ್ಲಿ ಒಂದು ಸೀರೆಯ ಬೆಲೆ ಕೇಳಿದರೆ, ಇದನ್ನು ನೇಯ್ದ ಕೈ ಇದನ್ನು ಕೊಂಡೀತೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ. ಸಿಟಿ ಬಸ್ಸಿನಲ್ಲಿ ಮೇಲೆ ಹೋಗಿ, ಮೆಟ್ಟಿಲ ಮೇಲೆ ಇಳಿಯುವುದು ಜಾಣತನ. ಸುಮಾರು ಸಾವಿರ ಮೆಟ್ಟಿಲು. ದಾರಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ, ಸುಮಾರು 16 ಅಡಿ ಎತ್ತರದ ನಂದಿ. ದೇವರಲ್ಲಿ ನಂಬಿಕೆ ಇದ್ದವನೂ ಇಲ್ಲದವನೂ ಆ ಕಲ್ಲುಕುಟಿಗನ ಕೈಗೆ ನಮಸ್ಕರಿಸಬೇಕು. ಸಂಜೆ ಅರಮನೆ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿ, 1912ರಲ್ಲಿ ಮುಗಿಸಿದ್ದು. ಒಳಗೆ ಹೋಗಲು ಟಿಕೆಟ್ಟು ಬೇಕು. ಚೀಲದಲ್ಲಿ ಹಣವಿದ್ದರೆ ಹೋಗಿರಿ. ಆದರೆ ಭಾನುವಾರ ಸಂಜೆ ಸುಮಾರು ಒಂದು ಲಕ್ಷ ದೀಪ ಒಟ್ಟಿಗೆ ಹೊತ್ತುವುದನ್ನು ಹೊರಗಿನ ರಸ್ತೆಯಲ್ಲಿ ನಿಂತೂ ನೋಡಬಹುದು. ಆ ಬೆಳಕು ಕಣ್ಣಲ್ಲಿರುವಾಗಲೇ ಸ್ಟೇಷನ್ನಿಗೆ ನಡೆದು ರೈಲು ಹಿಡಿಯಬಹುದು.

ಊಟಕ್ಕೆ ಹೆಚ್ಚು ಚಿಂತೆ ಬೇಡ. ಮೊದಲ ದಿನಕ್ಕೆ ಮನೆಯ ರೊಟ್ಟಿ, ಶೇಂಗಾ ಚಟ್ನಿಪುಡಿಯ ಬುತ್ತಿ ಸಾಕು. ನಮ್ಮ ಮಂಡಕ್ಕಿ ಎಲ್ಲಿಗಾದರೂ ಬರುತ್ತದೆ. ಇಂದಿರಾ ಕ್ಯಾಂಟೀನು ತೆರೆದಿದ್ದರೆ ಅಲ್ಲಿ ಉಣ್ಣಲು ನಾಚಿಕೆಪಡಬೇಕಾದ್ದಿಲ್ಲ. 2017ರಲ್ಲಿ ಆರಂಭವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿ ಇಟ್ಟದ್ದು ನಮ್ಮ ತೆರಿಗೆಯ ಹಣದಿಂದಲೇ.

ಇಬ್ಬರು ಗೆಳತಿಯರು ಹೊರಟರೆ ಲೆಕ್ಕ ಇನ್ನೂ ಹಗುರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. "ಹೆಂಗಸರು ಸುಮ್ಮನೆ ತಿರುಗುತ್ತಾರೆ" ಎಂದು ಆಡಿಕೊಂಡವರನ್ನು ನಾವು ಕೇಳಿದ್ದೇವೆ. ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ವರ್ಷವಿಡೀ ಬೆಂದವಳು ಎರಡು ದಿನ ಸುಮ್ಮನೆ ತಿರುಗಿದರೆ ಯಾರ ಗಂಟು ಹೋಯಿತು? ಮನೆಯ ಗಂಡಸರು ಆ ಎರಡು ದಿನ ಒಲೆ ಹಚ್ಚಲಿ.

ಇಷ್ಟೆಲ್ಲ ಹೇಳಿದ ಮೇಲೆ, ಈ ಯೋಜನೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಹೇಳಬೇಕು. ರೈಲಿನಲ್ಲಿ ಮಲಗುವ ಜಾಗವನ್ನು 60 ದಿನ ಮೊದಲೇ ಕಾದಿರಿಸಬಹುದು. ಎಂಟೂವರೆ ವಾರದ ಮುಂದಿನ ಶನಿವಾರ ತನಗೆ ರಜೆಯೆಂದು ಯಾವ ಗಿರಣಿ ಆಳಿಗೆ ಗೊತ್ತಿರುತ್ತದೆ? ನಾಳೆಯ ಪಾಳಿಯನ್ನು ಇವತ್ತು ಸಂಜೆ ಹೇಳುವ ಕಡೆ ಅವನು ಟಿಕೆಟ್ಟು ತೆಗೆಯುವುದು ಹೇಗೆ? ತಿಂಗಳ ಪಗಾರದ ಗುಮಾಸ್ತ ಮೊದಲೇ ಬರ್ತು ಹಿಡಿಯುತ್ತಾನೆ. ಪಾಳಿಯವನಿಗೆ ಉಳಿಯುವುದು ರಿಸರ್ವೇಷನ್ ಇಲ್ಲದ ಡಬ್ಬಿಯ ನೂಕಾಟ. ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗೋಣವೆಂದರೆ, ಹಿರಿಯರಿಗಿದ್ದ ರಿಯಾಯಿತಿಯನ್ನು ರೈಲ್ವೆ 2020ರ ಮಾರ್ಚಿನಲ್ಲಿ ನಿಲ್ಲಿಸಿತು.

ತಂಗುವ ಕಡೆಯೂ ಹೀಗೆಯೇ. ಅಗ್ಗದ ಛತ್ರಗಳು ಹಲವು ಒಂದೊಂದು ಜಾತಿಯವರು ಕಟ್ಟಿಸಿದವು. ಇಬ್ಬರು ಗೆಳೆಯರು ಬೇರೆ ಬೇರೆ ಜಾತಿಯವರಾದರೆ ಯಾವ ಛತ್ರದ ಬಾಗಿಲು ತಟ್ಟಬೇಕು? ಗಿರಣಿಯಲ್ಲಿ ಒಂದೇ ಮೂಟೆ ಹೊತ್ತವರು ಮೈಸೂರಿನಲ್ಲಿ ಎರಡು ಕಡೆ ಮಲಗಬೇಕೆ? ಅಂಥ ಕಡೆ ಹೋಗುವುದಕ್ಕಿಂತ ಸ್ಟೇಷನ್ನಿನ ವಿಶ್ರಾಂತಿ ಕೊಠಡಿ ವಿಚಾರಿಸುವುದು, ಇಲ್ಲವೆ ಸಾಧಾರಣ ಲಾಡ್ಜಿನಲ್ಲಿ ಇಬ್ಬರೂ ಒಂದು ಕೋಣೆ ಹಿಡಿಯುವುದು ಮೇಲು.

ಆದರೆ ಲಾಡ್ಜಿನ ಬಾಡಿಗೆಗೆ ನಾವು ಏಕೆ ಹೆದರಬೇಕು? 1965ರ ಕಾರ್ಮಿಕ ಕಲ್ಯಾಣ ನಿಧಿ ಕಾನೂನು ಇದೆ. ಅದರಂತೆ ವರ್ಷಕ್ಕೊಮ್ಮೆ ಕೆಲಸಗಾರನ ಪಗಾರದಿಂದ, ಮಾಲೀಕನಿಂದ, ಸರಕಾರದಿಂದ ನಿಧಿಗೆ ಹಣ ಸೇರುತ್ತದೆ. ಆ ಹಣವನ್ನು ಯಾವುದಕ್ಕೆ ಬಳಸಬಹುದೆಂದು ಕಾನೂನು ಹೇಳುವಾಗ ವಾಚನಾಲಯ, ಆಟೋಟಗಳ ಜತೆಗೆ ವಿಹಾರ, ಪ್ರವಾಸ, ರಜಾ ಗೃಹ ಎಂಬ ಮಾತುಗಳೂ ಇವೆ. ಅರುವತ್ತು ವರ್ಷದ ಹಿಂದೆ ಕಾನೂನು ಮಾಡಿದವರಿಗೇ ದುಡಿಯುವವನಿಗೆ ತಿರುಗಾಟ ಬೇಕೆಂದು ತೋರಿತ್ತು. ಇದನ್ನು ಷೋಕಿ ಎನ್ನುವವರು ಆ ಕಾನೂನನ್ನು ಒಮ್ಮೆ ಓದಲಿ.

ಆದುದರಿಂದ ನಮ್ಮ ಬೇಡಿಕೆಗಳು ಇವು. ತಿಂಗಳ ಪಾಳಿಯ ಪಟ್ಟಿಯನ್ನೂ ವಾರದ ರಜೆಯ ದಿನವನ್ನೂ ಮೊದಲೇ ಬರೆದು ಗೋಡೆಗೆ ಹಚ್ಚಬೇಕು. ರಾತ್ರಿ ರೈಲುಗಳಲ್ಲಿ ರಿಸರ್ವೇಷನ್ ಇಲ್ಲದ ಡಬ್ಬಿಗಳನ್ನು ಹೆಚ್ಚಿಸಬೇಕು. ಕಲ್ಯಾಣ ನಿಧಿಯಿಂದ ಮೈಸೂರು, ಬೆಂಗಳೂರುಗಳಲ್ಲಿ ಜಾತಿ ಕೇಳದೆ ಕಾರ್ಮಿಕ ಚೀಟಿ ನೋಡಿ ಇಳಿಸಿಕೊಳ್ಳುವ ವಿಶ್ರಾಂತಿ ಗೃಹಗಳು ಬೇಕು. ಅಂಗಡಿಯ ಆಳುಗಳಿಗೆ 1961ರ ಅಂಗಡಿ ಕಾನೂನು ಬರೆದಿಟ್ಟ ವಾರದ ರಜೆ ಬಾಯಿಮಾತಿನಲ್ಲಿ ಉಳಿಯಬಾರದು.

ಇವೆಲ್ಲ ಸಿಗುವವರೆಗೆ ಕಾಯುತ್ತ ಕೂಡಬೇಕೆಂದು ನಾವು ಹೇಳುವುದಿಲ್ಲ. ಮುಂದಿನ ಬಟವಾಡೆಯ ಸಂಜೆ ಗೆಳೆಯನ ಜತೆ ಕೂತು ಅಂಕಿ ಗೊತ್ತುಮಾಡಿರಿ. ಕಡಮೆ ಇದ್ದವನು ಮೊದಲು ಹೇಳಲಿ. ಮರುದಿನ ರಜೆಯ ಅರ್ಜಿಯನ್ನು ಬಾಯಲ್ಲಿ ಹೇಳದೆ ಕಾಗದದ ಮೇಲೆ ಬರೆದುಕೊಟ್ಟು, ಒಂದು ನಕಲನ್ನು ನಿಮ್ಮಲ್ಲಿಟ್ಟುಕೊಳ್ಳಿರಿ. ಮಾಲೀಕರು ಇಲ್ಲವೆಂದರೆ ಆ ನಕಲನ್ನು ಹಿಡಿದು ಸಂಘದ ಕಚೇರಿಗೆ ಬನ್ನಿರಿ.