ಲಕ್ಷಗಟ್ಟಲೆ ಓಡಿದ ಜಪಾನೀ ಕಾರು

ನಮ್ಮ ವಾಚಕರಲ್ಲಿ ಅನೇಕರು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುವ ಪ್ರಶ್ನೆ ಒಂದೇ. ಎರಡೂವರೆ ಲಕ್ಷ ಕಿಲೋಮೀಟರು ಓಡಿ, ಹನ್ನೆರಡು ಹದಿಮೂರು ವರ್ಷ ವಯಸ್ಸಾದ ಜಪಾನೀ ಕಾರೊಂದು ಮಾರಾಟಕ್ಕೆ ಬಂದಿದೆ, ಹೊಸ ಕಾರಿನ ಬೆಲೆಯ ಕಾಲುಭಾಗಕ್ಕೆ ಸಿಕ್ಕುವಂತಿದೆ, ದಲ್ಲಾಳಿಯು “ಜಪಾನೀ ಎಂಜಿನ್ನು ಸ್ವಾಮಿ, ಇದಕ್ಕೆ ಸಾವಿಲ್ಲ” ಎನ್ನುತ್ತಾನೆ, ಕೊಳ್ಳಬಹುದೇ? ಗೃಹಸ್ಥನಿಗೆ ಇದು ಸಣ್ಣ ಪ್ರಶ್ನೆಯಲ್ಲ. ಮಗಳ ಮದುವೆಗೆಂದೋ ಮನೆಯ ಮೇಲಂತಸ್ತಿಗೆಂದೋ ಕೂಡಿಟ್ಟ ಹಣದಲ್ಲಿ ಒಂದು ಭಾಗ ಅದಕ್ಕೆ ಹೋಗತಕ್ಕದ್ದು. ಆಮೇಲೆ ಹೆಂಡತಿ ಮಕ್ಕಳನ್ನೂ ವೃದ್ಧರಾದ ತಾಯಿತಂದೆಗಳನ್ನೂ ಅದರಲ್ಲಿಯೇ ಕುಳ್ಳಿರಿಸಿಕೊಂಡು ಘಟ್ಟವನ್ನು ಇಳಿಯತಕ್ಕದ್ದು. ಆದುದರಿಂದ ದಲ್ಲಾಳಿಯ ಮಾತಿನಲ್ಲಿ ನಿಜವೆಷ್ಟು, ಬಣ್ಣವೆಷ್ಟು ಎಂಬುದನ್ನು ಈ ತಿಂಗಳು ವಿಚಾರಿಸುವೆವು.

ನಿಜದ ಪಾಲೇ ಹೆಚ್ಚೆಂದು ಮೊದಲೇ ಒಪ್ಪಿಕೊಳ್ಳಬೇಕು. ಅಮೆರಿಕದಲ್ಲಿ ೧೯೯೦ರ ಮಾದರಿಯ ಹೋಂಡಾ ಅಕಾರ್ಡ್ ಕಾರೊಂದು ೨೦೧೧ರಲ್ಲಿ ಹತ್ತು ಲಕ್ಷ ಮೈಲಿಗಳನ್ನು, ಎಂದರೆ ಸುಮಾರು ಹದಿನಾರು ಲಕ್ಷ ಕಿಲೋಮೀಟರುಗಳನ್ನು, ಪೂರೈಸಿತು. ಕಂಪನಿಯವರು ಮೆಚ್ಚಿ ಅದರ ಒಡೆಯನಿಗೆ ಹೊಸ ಕಾರನ್ನೇ ಬಹುಮಾನವಾಗಿ ಕೊಟ್ಟರು. ೨೦೦೭ರ ಟೊಯೋಟಾ ಟಂಡ್ರಾ ಎಂಬ ಪಿಕಪ್ ಗಾಡಿ ೨೦೧೬ರಲ್ಲಿ ಅದೇ ಗಡಿಯನ್ನು ದಾಟಿತು. ಅದನ್ನು ಕಂಪನಿಯು ತಾನೇ ಹಿಂದಕ್ಕೆ ಪಡೆದು, ಯಾವ ಭಾಗ ಹೇಗೆ ಸವೆದಿದೆಯೆಂದು ಪರೀಕ್ಷಿಸುವುದಕ್ಕಾಗಿ ಇಟ್ಟುಕೊಂಡಿತು. ೧೯೯೬ರ ಲೆಕ್ಸಸ್ ಒಂದು ೨೦೧೯ರಲ್ಲಿ ಆ ಪಂಕ್ತಿಗೆ ಸೇರಿತು.

ಈ ಸಂಗತಿಗಳನ್ನು ಕೇಳಿ ಬೆರಗಾಗುವವರು ಒಂದು ಲೆಕ್ಕವನ್ನು ಮಾಡಿ ನೋಡಬೇಕು. ಒಂಬತ್ತು ವರ್ಷಗಳಲ್ಲಿ ಹತ್ತು ಲಕ್ಷ ಮೈಲಿಯೆಂದರೆ, ಹಬ್ಬಹರಿದಿನಗಳೂ ಸೇರಿ, ದಿನಕ್ಕೆ ಮುನ್ನೂರು ಮೈಲಿಯಾಯಿತು. ಇಷ್ಟು ಓಟವನ್ನು ಊರೊಳಗಿನ ಸಂದುಗೊಂದಿಗಳಲ್ಲಿ ಓಡಲಾಗದು. ಉದ್ದವಾದ ಹೆದ್ದಾರಿಯಲ್ಲಿ, ಒಂದೇ ಹದವಾದ ವೇಗದಲ್ಲಿ ಓಡಿದುದೇ ಆಗಿರಬೇಕು. ಎಂಜಿನ್ನಿಗೆ ಇದಕ್ಕಿಂತ ಸುಖವಾದ ಬಾಳು ಬೇರೆ ಇಲ್ಲ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲು ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಬೆಳಿಗ್ಗೆ ಹೊರಡಿಸಿದಾಗ ಅದು ಮೇಲಕ್ಕೇರಿ ಎಲ್ಲೆಡೆಗೂ ಹರಡುವುದಕ್ಕೆ ಮುಂಚೆ ಲೋಹಕ್ಕೆ ಲೋಹ ಉಜ್ಜುತ್ತದೆ. ಬಹುಮಟ್ಟಿನ ಸವೆತವು ಹೀಗೆ ತಣ್ಣಗಿರುವ ಹೊತ್ತಿನಲ್ಲಿಯೇ ಆಗುವುದು. ತರಕಾರಿಗೂ ಶಾಲೆಗೂ ಹೋಗಿಬರುವ ಕಾರಿನ ಎಂಜಿನ್ನು ಸರಿಯಾಗಿ ಕಾಯುವ ಮೊದಲೇ ನಿಂತುಬಿಡುತ್ತದೆ; ಪೆಟ್ರೋಲು ಉರಿದಾಗ ಹುಟ್ಟುವ ನೀರಿನ ಅಂಶವು ಆವಿಯಾಗಿ ಹೋಗದೆ ಆಯಿಲಿನಲ್ಲಿ ಉಳಿದು ಅದನ್ನು ಕೆಡಿಸುತ್ತದೆ. ರಬ್ಬರಿನ ಕೊಳವೆ, ಸೀಲು, ಬುಷ್ಷುಗಳಂತೂ ಮೈಲಿಯನ್ನು ಲೆಕ್ಕಿಸುವುದೇ ಇಲ್ಲ, ವರ್ಷಗಳನ್ನು ಲೆಕ್ಕಿಸುತ್ತವೆ. ಹೀಗಾಗಿ ಹತ್ತು ವರ್ಷ ಷೆಡ್ಡಿನಲ್ಲಿ ನಿಂತು ನಲವತ್ತು ಸಾವಿರ ಕಿಲೋಮೀಟರು ಓಡಿದ ಕಾರಿಗಿಂತ, ಬೆಂಗಳೂರಿಗೂ ಹುಬ್ಬಳ್ಳಿಗೂ ಅಲೆದು ಎರಡು ಲಕ್ಷ ಓಡಿದ ಕಾರು ಒಳಗಿನಿಂದ ಗಟ್ಟಿಯಾಗಿರುವುದು ಅಪರೂಪವೇನಲ್ಲ.

ಆದರೂ ಹೆದ್ದಾರಿಯಲ್ಲಿ ಓಡುವ ಕಾರುಗಳು ಎಲ್ಲ ದೇಶಗಳವೂ ಇರುವಾಗ ಜಪಾನಿನವಕ್ಕೆ ಮಾತ್ರ ಈ ಹೆಸರೇಕೆ ಬಂದಿತು? ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ಆ ದೇಶದ ಕಾರ್ಖಾನೆಗಳ ಎಂಜಿನಿಯರುಗಳಿಗೂ ಯಜಮಾನರಿಗೂ ೧೯೫೦ರಲ್ಲಿ ಡೆಮಿಂಗ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು ಉಪನ್ಯಾಸಗಳನ್ನು ಕೊಟ್ಟರು. ಪದಾರ್ಥವನ್ನು ತಯಾರಿಸಿ ಆಮೇಲೆ ಕೆಟ್ಟದ್ದನ್ನು ಆರಿಸಿ ಎಸೆಯುವುದಕ್ಕಿಂತ, ಒಂದು ತುಂಡಿಗೂ ಮತ್ತೊಂದು ತುಂಡಿಗೂ ವ್ಯತ್ಯಾಸವೇ ಬಾರದಂತೆ ತಯಾರಿಕೆಯನ್ನು ತಿದ್ದುವುದು ಮೇಲೆಂಬುದು ಅವರ ಉಪದೇಶದ ತಿರುಳು. ಜಪಾನಿನವರು ಅದನ್ನು ಶ್ರದ್ಧೆಯಿಂದ ಹಿಡಿದು, ೧೯೫೧ರಲ್ಲಿಯೇ ಡೆಮಿಂಗರ ಹೆಸರಿನಲ್ಲಿ ಬಹುಮಾನವೊಂದನ್ನು ಸ್ಥಾಪಿಸಿದರು. ಟೊಯೋಟಾ ಕಂಪನಿಗೆ ೧೯೬೫ರಲ್ಲಿ ಅದು ದೊರೆಯಿತು. ಇದರ ಫಲ ಏನೆಂಬುದು ೧೯೮೦ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಂಪನಿಯವರಿಗೆ ತಮ್ಮ ಮನೆಯಲ್ಲಿಯೇ ತಿಳಿದುಬಂದಿತು. ಒಂದೇ ನಕ್ಷೆಯ ಗೇರುಪೆಟ್ಟಿಗೆಗಳನ್ನು ಅವರು ತಮ್ಮ ಕಾರ್ಖಾನೆಯಲ್ಲಿಯೂ ಮಾಡಿಸಿ, ಜಪಾನಿನ ಮಾಜ್ದಾ ಕಂಪನಿಯಿಂದಲೂ ತರಿಸುತ್ತಿದ್ದರು. ಮಾಜ್ದಾದವಕ್ಕೆ ದೂರುಗಳು ಕಡಮೆ. ಬಿಚ್ಚಿ ಅಳೆದಾಗ ತಮ್ಮವೂ ನಿಯಮಿತ ಅಳತೆಯ ಮೇರೆಯೊಳಗೇ ಇದ್ದವು. ಆದರೆ ಜಪಾನಿನ ತುಂಡುಗಳು ಒಂದರಂತೆ ಮತ್ತೊಂದು, ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದವು.

ಇನ್ನೊಂದು ಕಾರಣ, ಎಂಜಿನ್ನಿಗೆ ಅದರ ಶಕ್ತಿಗಿಂತ ಕಡಮೆ ಕೆಲಸವನ್ನು ಹೊರಿಸಿದ್ದು. ನಮ್ಮ ಬಿಡದಿಯ ಕಾರ್ಖಾನೆಯಿಂದ ೨೦೦೦ದಿಂದ ೨೦೦೫ರವರೆಗೆ ಹೊರಬಂದ ಟೊಯೋಟಾ ಕ್ವಾಲಿಸ್ ಗಾಡಿಯನ್ನು ನೆನೆಯಿರಿ. ನಮ್ಮ ಕಣ್ಣಿಗೆ ಅದು ಎಂದೂ ಚೆಂದವಾಗಿ ಕಾಣಲಿಲ್ಲ. ಪೆಟ್ಟಿಗೆಗೆ ಚಕ್ರ ಕಟ್ಟಿದಂತಿತ್ತು. ಆದರೆ ಅದರ ಡೀಸೆಲ್ ಎಂಜಿನ್ನು ೨,೪೪೬ ಸಿ.ಸಿ. ಗಾತ್ರದ್ದಾಗಿದ್ದರೂ ಅದರಿಂದ ಸುಮಾರು ೭೫ ಅಶ್ವಶಕ್ತಿಯನ್ನಷ್ಟೇ ಕೇಳಿದ್ದರು. ಟರ್ಬೋ ಇಲ್ಲ, ಆತುರವಿಲ್ಲ. ಮೂಟೆ ಹೊರಬಲ್ಲವನ ತಲೆಯ ಮೇಲೆ ಬುಟ್ಟಿಯನ್ನು ಇಟ್ಟಂತೆ. ಟ್ಯಾಕ್ಸಿಯವರು ಅದನ್ನು ಎಷ್ಟು ದುಡಿಸಿದರೆಂಬುದು ಧರ್ಮಸ್ಥಳಕ್ಕೋ ಶಬರಿಮಲೆಗೋ ಅದರಲ್ಲಿ ಹೋಗಿಬಂದ ವಾಚಕರಿಗೆ ಗೊತ್ತೇ ಇದೆ. ೧೯೮೩ರ ಡಿಸೆಂಬರಿನಲ್ಲಿ ಬಂದು ೨೦೧೪ರ ಜನವರಿಯವರೆಗೆ ತಯಾರಾದ ಮಾರುತಿ ೮೦೦ ಕೂಡ, ಸುಜುಕಿಯವರ ನಕ್ಷೆಯದಾದುದರಿಂದ, ಈ ಕುಲದ್ದೇ. ಅದರ ೭೯೬ ಸಿ.ಸಿ. ಎಂಜಿನ್ನು ದೊಡ್ಡದಲ್ಲ. ಅದನ್ನು ಬಹುಕಾಲ ಉಳಿಸಿದ್ದು, ಅದರ ಬಿಡಿಭಾಗ ಸಿಕ್ಕದ ತಾಲ್ಲೂಕಾಗಲಿ ಅದನ್ನು ಬಿಚ್ಚಿ ಜೋಡಿಸಲರಿಯದ ಮೆಕ್ಯಾನಿಕ್ಕಾಗಲಿ ಇರಲಿಲ್ಲವೆಂಬ ಸಂಗತಿ. ಇದಕ್ಕೆ ವಿರುದ್ಧವಾಗಿ, ಕಂಪನಿಯು ನಮ್ಮ ದೇಶದಲ್ಲಿ ಕೆಲವೇ ಸಂಖ್ಯೆಯಲ್ಲಿ ಮಾರಿ ನಿಲ್ಲಿಸಿದ ದೊಡ್ಡ ಜಪಾನೀ ಕಾರು ಎಷ್ಟೇ ಗಟ್ಟಿಯಾಗಿರಲಿ, ಒಂದು ಸಣ್ಣ ಸೆನ್ಸರಿಗಾಗಿ ತಿಂಗಳುಗಟ್ಟಲೆ ನಿಂತಿರಬೇಕಾದೀತು.

ವಿನೋದವೆಂದರೆ ಜಪಾನಿನವರೇ ತಮ್ಮ ಕಾರುಗಳನ್ನು ಮುದಿಯಾಗಲು ಬಿಡುವುದಿಲ್ಲ. ಅಲ್ಲಿ ಹೊಸ ಕಾರಿಗೆ ಮೂರು ವರ್ಷವಾದ ಮೇಲೆ, ಅನಂತರ ಎರಡೆರಡು ವರ್ಷಕ್ಕೊಮ್ಮೆ, ಶಾಕೆನ್ ಎಂಬ ಸರ್ಕಾರಿ ತಪಾಸಣೆಯು ಕಡ್ಡಾಯ. ಅದರ ವೆಚ್ಚವು ಭಾರವಾದುದರಿಂದ ಬಹುಮಂದಿ ಕಾರನ್ನು ಮಾರಿಬಿಡುವರು. ಅವು ಹಡಗು ಹತ್ತಿ ಕೀನ್ಯಾ, ನ್ಯೂಜಿಲೆಂಡ್ ಮೊದಲಾದ ದೇಶಗಳಿಗೆ ಹೋಗಿ ತಮ್ಮ ಎರಡನೆಯ ಸಂಸಾರವನ್ನು ಹೂಡುವವು.

ಇಷ್ಟು ಹೊಗಳಿದ ಮೇಲೆ ದಲ್ಲಾಳಿಯು ಹೇಳದ ಮಾತಿಗೆ ಬರೋಣ. ಜಪಾನೀ ಎಂಬ ಮುದ್ರೆಯೊಂದರಿಂದಲೇ ಎಲ್ಲ ಕಾರುಗಳೂ ಸಮನಾಗುವುದಿಲ್ಲ. ೧೯೯೭ರಿಂದ ೨೦೦೨ರವರೆಗಿನ ಕೆಲವು ಟೊಯೋಟಾ ಎಂಜಿನ್ನುಗಳಲ್ಲಿ ಆಯಿಲು ಗಟ್ಟಿಯಾಗಿ ಕೆಸರಿನಂತೆ ಕೂಡುತ್ತಿದ್ದುದರಿಂದ ಕಂಪನಿಯು ೨೦೦೨ರಲ್ಲಿ ಅಮೆರಿಕದ ಒಡೆಯರಿಗೆ ವಿಶೇಷ ಖಾತರಿಯನ್ನು ಕೊಡಬೇಕಾಯಿತು. ನಿಸ್ಸಾನಿನ ಸಿ.ವಿ.ಟಿ. ಎಂಬ ಮೆಟ್ಟಿಲಿಲ್ಲದ ಗೇರುಪೆಟ್ಟಿಗೆಗಳ ಖಾತರಿಯನ್ನು ಅಲ್ಲಿ ಐದು ವರ್ಷದಿಂದ ಹತ್ತು ವರ್ಷಕ್ಕೆ ಏರಿಸಬೇಕಾಯಿತು. ಟೊಯೋಟಾ ಟಕೋಮಾ ಗಾಡಿಗಳಲ್ಲಿ ಎಂಜಿನ್ನು ಚೆನ್ನಾಗಿ ಓಡುತ್ತಿರುವಾಗಲೇ ಚಾಸಿಯ ಉಕ್ಕು ತುಕ್ಕು ಹಿಡಿದು ತೂತಾಗಿ, ೨೦೦೮ರಲ್ಲಿ ಕಂಪನಿಯು ಅನೇಕ ಗಾಡಿಗಳನ್ನು ತಾನೇ ಹಿಂದಕ್ಕೆ ಕೊಂಡುಕೊಂಡಿತು. ಮಂಗಳೂರು, ಉಡುಪಿ, ಕಾರವಾರಗಳ ಕಡೆಯ ಕಾರನ್ನು ಕೊಳ್ಳುವವರು ಈ ಕಡೆಯ ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಬಾನೆಟ್ಟನ್ನು ಎತ್ತಿ ನೋಡಿ ಮೆಚ್ಚುವುದಕ್ಕೆ ಮುಂಚೆ ಗಾಡಿಯನ್ನು ಮೇಲೆತ್ತಿಸಿ ತಳವನ್ನು ನೋಡತಕ್ಕದ್ದು.

ಇವೆಲ್ಲ ಹಣದ ನಷ್ಟ. ಪ್ರಾಣಕ್ಕೆ ಸಂಬಂಧಿಸಿದ್ದು ಬೇರೊಂದಿದೆ. ತಕಾತ ಎಂಬ ಜಪಾನಿನ ಕಂಪನಿಯು ಅನೇಕ ಕಾರು ತಯಾರಕರಿಗೆ ಏರ್‌ಬ್ಯಾಗುಗಳನ್ನು ಒದಗಿಸುತ್ತಿತ್ತು. ಅಪಘಾತದಲ್ಲಿ ಚೀಲವನ್ನು ಉಬ್ಬಿಸಲು ಅದು ಬಳಸಿದ್ದು ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕವನ್ನು. ವರ್ಷಗಟ್ಟಲೆ ಸೆಖೆ ಮತ್ತು ತೇವದ ಹವೆಯಲ್ಲಿ ಇದ್ದ ಮೇಲೆ ಈ ಮದ್ದು ಕೆಟ್ಟು, ಮೆಲ್ಲಗೆ ಉರಿಯಬೇಕಾದ್ದು ಸಿಡಿದು, ಅದನ್ನು ತುಂಬಿದ ಲೋಹದ ಡಬ್ಬಿಯೇ ಚೂರುಚೂರಾಗಿ ಚಾಲಕನ ಮುಖಕ್ಕೂ ಕೊರಳಿಗೂ ಹಾರುತ್ತಿತ್ತು. ಅಮೆರಿಕದಲ್ಲಿಯೂ ಮಲೇಷ್ಯಾದಲ್ಲಿಯೂ ಇದರಿಂದ ಸಾವುಗಳು ಸಂಭವಿಸಿದವು. ಕೋಟಿಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. ೨೦೧೭ರ ಜೂನ್ ತಿಂಗಳಲ್ಲಿ ತಕಾತ ದಿವಾಳಿಯಾಯಿತು. ನಮ್ಮ ದೇಶದಲ್ಲಿಯೂ ಹೋಂಡಾ, ಟೊಯೋಟಾ ಕಂಪನಿಗಳು ಆ ಕಾಲದ ಕೆಲವು ಮಾದರಿಗಳನ್ನು ಕರೆಸಿ ಆ ಭಾಗವನ್ನು ಪುಕ್ಕಟೆಯಾಗಿ ಬದಲಾಯಿಸಿಕೊಟ್ಟವು. ಆದರೆ ಎರಡು ಮೂರು ಕೈ ಬದಲಾದ ಕಾರಿಗೆ ಕಂಪನಿಯ ಕಾಗದವು ತಲುಪುವುದು ಹೇಗೆ? ಅದು ಮೊದಲ ಒಡೆಯನ ಹಳೆಯ ವಿಳಾಸಕ್ಕೆ ಹೋಗಿ ಹಿಂದಿರುಗಿರುತ್ತದೆ. ಇಂಥ ಕಾರನ್ನು ಕೊಳ್ಳುವ ಗೃಹಸ್ಥನು ಬೆಲೆಯನ್ನು ಮಾತನಾಡುವುದಕ್ಕೆ ಮೊದಲು ಚಾಸಿ ನಂಬರನ್ನು ಬರೆದುಕೊಂಡು, ಆ ಕಂಪನಿಯ ಅಧಿಕೃತ ಷೋರೂಮಿನಲ್ಲಿ ಕೊಟ್ಟು, ಈ ಕೆಲಸವು ಆಗಿದೆಯೇ ಇಲ್ಲವೇ ಎಂದು ವಿಚಾರಿಸತಕ್ಕದ್ದು. ನಮ್ಮದು ಸೆಖೆಯ ದೇಶವೆಂಬುದನ್ನು ಮರೆಯಲಾಗದು.

ಏರ್‌ಬ್ಯಾಗೇ ಇಲ್ಲದ ಹಳೆಯ ಕಾರುಗಳ ಪಾಡು ಇದಕ್ಕಿಂತ ಮೇಲಲ್ಲ. ೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ನಮ್ಮ ದೇಶದ ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಮಾರುತಿ ಆಲ್ಟೋ ೮೦೦ಕ್ಕೆ ದೊಡ್ಡವರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ದೊರೆಯಲಿಲ್ಲ. ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗು ೨೦೧೯ರಲ್ಲಿ, ಪಕ್ಕದವನದು ೨೦೨೨ರಲ್ಲಿ ಕಡ್ಡಾಯವಾಯಿತು. ಎಂಜಿನ್ನು ಕೆಡದಿರುವುದು ಬೇರೆ, ಒಳಗಿದ್ದವರನ್ನು ಉಳಿಸುವುದು ಬೇರೆ. ಊರೊಳಗಿನ ಓಡಾಟಕ್ಕೆ ಹಳೆಯ ಸಣ್ಣ ಕಾರನ್ನು ನಾವು ಬೇಡವೆನ್ನೆವು. ಮಕ್ಕಳೊಡನೆ ರಾತ್ರಿಯ ಹೆದ್ದಾರಿಗೆ ಮಾತ್ರ ಬೇಡವೆಂದೇ ಹೇಳುವೆವು.

ಇನ್ನು ಪರೀಕ್ಷೆಯ ಕ್ರಮ. ಮೀಟರಿನ ಅಂಕಿಯನ್ನು ಸಾಕ್ಷಿಯೆಂದು ತಿಳಿಯಬಾರದು. ಈಗಿನ ಅಂಕಿಗಳನ್ನು ಅಂಗೈಯಷ್ಟು ಯಂತ್ರದಿಂದ ಇಳಿಸಿಬಿಡುವವರು ಇದ್ದಾರೆ. ಅರುವತ್ತು ಸಾವಿರ ಎಂದು ತೋರಿಸುವ ಕಾರಿನಲ್ಲಿ ಕ್ಲಚ್ಚಿನ ಪೆಡಲಿನ ರಬ್ಬರು ನುಣ್ಣಗಾಗಿ, ಸ್ಟಿಯರಿಂಗು ಮಿರುಗುತ್ತ, ಚಾಲಕನ ಆಸನವು ಒಂದು ಬದಿಗೆ ಕುಸಿದಿದ್ದರೆ ಮೀಟರಿಗಿಂತ ಅವುಗಳನ್ನೇ ನಂಬಬೇಕು. ಸರ್ವಿಸಿನ ರಸೀತಿಗಳನ್ನು ಕೇಳಿರಿ; ಪ್ರತಿಯೊಂದರಲ್ಲಿಯೂ ಓಡಿದ ಕಿಲೋಮೀಟರು ಬರೆದಿರುತ್ತದೆ. ಎರಡೂವರೆ ಲಕ್ಷವೆಂದು ನಿಜವನ್ನೇ ಹೇಳಿ ರಸೀತಿಗಳ ಕಟ್ಟನ್ನು ಮುಂದಿಡುವವನ ಕಾರು, ಎಪ್ಪತ್ತು ಸಾವಿರವೆಂದು ಬಾಯಿಮಾತಿನಲ್ಲಿ ಹೇಳುವವನದಕ್ಕಿಂತ ಕೊಳ್ಳಲು ಯೋಗ್ಯ.

ಕಾರನ್ನು ನೋಡಲು ಬೆಳಿಗ್ಗೆಯೇ ಹೋಗಿರಿ. ಬಾನೆಟ್ಟಿನ ಮೇಲೆ ಕೈಯಿಟ್ಟಾಗ ಬೆಚ್ಚಗಿದ್ದರೆ, ನೀವು ಬರುವಿರೆಂದು ಮೊದಲೇ ಎಂಜಿನ್ನನ್ನು ಕಾಯಿಸಿಟ್ಟಿದ್ದಾರೆಂದು ತಿಳಿದು ಮತ್ತೊಂದು ದಿನ ಹೇಳದೆ ಹೋಗಿರಿ. ತಣ್ಣಗಿದ್ದಾಗ ಹೊರಡಿಸಿದರೆ ನೀಲಿಯ ಹೊಗೆಯು ಆಯಿಲು ಉರಿಯುತ್ತಿರುವುದನ್ನೂ, ಬಿಸಿಯಾದ ಮೇಲೂ ನಿಲ್ಲದ ಬಿಳಿಯ ಹೊಗೆಯು ಕೂಲಂಟು ಒಳಗೆ ಇಳಿಯುತ್ತಿರುವುದನ್ನೂ ಸೂಚಿಸುತ್ತದೆ. ಆಯಿಲು ಹಾಕುವ ಮುಚ್ಚಳದ ಒಳಗೆ ಕೆನೆಯಂಥ ಪದಾರ್ಥವು ಕಂಡರೂ ಶಂಕಿಸಬೇಕು. ರೇಡಿಯೇಟರಿನಲ್ಲಿ ಕೂಲಂಟಿಗೆ ಬದಲಾಗಿ ಕೆಂಪಗಿನ ತುಕ್ಕುನೀರು ಇದ್ದರೆ, ನಲ್ಲಿಯ ನೀರನ್ನೇ ಸುರಿದು ಕಾಲ ಕಳೆದಿದ್ದಾರೆಂದರ್ಥ. ಕ್ವಾಲಿಸ್‌ಗೂ ಎರಡೂವರೆ ಲೀಟರಿನ ಹಳೆಯ ಇನ್ನೋವಾಕ್ಕೂ ಇರುವುದು ರಬ್ಬರಿನ ಟೈಮಿಂಗ್ ಬೆಲ್ಟು. ಅದು ಹರಿಯುವುದಕ್ಕೆ ಮುಂಚೆ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಹರಿದರೆ ವಾಲ್ವುಗಳಿಗೆ ಪಿಸ್ಟನ್ನು ಬಡಿದು, ಸಾವಿಲ್ಲವೆಂದ ಎಂಜಿನ್ನು ಅಲ್ಲಿಯೇ ಮಡಿಯುತ್ತದೆ. ಅದನ್ನು ಬದಲಾಯಿಸಿದ ರಸೀತಿಯಿಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ಎಣಿಸಿ, ಆ ವೆಚ್ಚವನ್ನು ಬೆಲೆಯಲ್ಲಿ ಮುರಿಯತಕ್ಕದ್ದು.

ಪೆಟ್ರೋಲು ಕಾರಿನವರಿಗೆ ಇನ್ನೊಂದು ಚಿಂತೆ. ಈಚೆಗೆ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲನ್ನು ಬೆರಸುತ್ತಿರುವುದರಿಂದ, ಅದಕ್ಕೆಂದು ತಯಾರಾಗದ ಹಳೆಯ ಕಾರುಗಳ ಪೆಟ್ರೋಲು ಕೊಳವೆಗಳನ್ನೂ ರಬ್ಬರು ಸೀಲುಗಳನ್ನೂ ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಪೆಟ್ರೋಲು ಒಸರುವುದನ್ನು ನಾಳೆಗೆ ಬಿಡಲಾಗದು.

ಸರ್ಕಾರದ ಲೆಕ್ಕವನ್ನೂ ಮರೆಯಬಾರದು. ನೋಂದಣಿಯು ಹದಿನೈದು ವರ್ಷಕ್ಕೆ ತೀರುತ್ತದೆ. ಆಮೇಲೆ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. ಮೊದಲು ೬೦೦ ರೂಪಾಯಿ ಇದ್ದ ಈ ಶುಲ್ಕವು ೨೦೨೨ರ ಏಪ್ರಿಲಿನಲ್ಲಿ ೫,೦೦೦ ರೂಪಾಯಿಗೆ ಏರಿತು. ೨೦೨೫ರಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ ೧೦,೦೦೦ ರೂಪಾಯಿ ಎಂದಾಯಿತು. ಹದಿನಾಲ್ಕನೆಯ ವರ್ಷದ ಕಾರು ಅಗ್ಗವಾಗಿ ಸಿಕ್ಕಿದರೆ, ಅಗ್ಗವಾದುದು ಏಕೆಂದು ಇದರಿಂದ ಊಹಿಸಬಹುದು.

ಎಲ್ಲವೂ ಸರಿಯಿದ್ದು ಕೊಂಡಿರೆಂದು ಇಟ್ಟುಕೊಳ್ಳೋಣ. ಮೊದಲನೆಯ ತಿಂಗಳಲ್ಲಿಯೇ ಎಂಜಿನ್ ಆಯಿಲು, ಗೇರುಪೆಟ್ಟಿಗೆಯ ಆಯಿಲು, ಕೂಲಂಟು, ಬ್ರೇಕಿನ ದ್ರವ, ಬೆಲ್ಟು, ಕೊಳವೆಗಳು ಇವಿಷ್ಟನ್ನೂ ಹೊಸದಾಗಿ ಹಾಕಿಸಿ, ದಿನಾಂಕವನ್ನೂ ಕಿಲೋಮೀಟರನ್ನೂ ಹಾಲಿನ ಲೆಕ್ಕ ಬರೆಯುವಂಥ ಒಂದು ಪುಸ್ತಕದಲ್ಲಿ ಬರೆದಿಡಿ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ: ಮೊದಲ ಎರಡು ಅದು ತಯಾರಾದ ವಾರ, ಕಡೆಯ ಎರಡು ವರ್ಷ. ೧೪೧೭ ಎಂದಿದ್ದರೆ ೨೦೧೭ರ ಹದಿನಾಲ್ಕನೆಯ ವಾರದ್ದು. ಅದರ ಗೀರುಗಳು ಎಷ್ಟೇ ಆಳವಾಗಿ ಉಳಿದಿರಲಿ, ಆ ಟೈರಿನ ಮೇಲೆ ಘಟ್ಟವನ್ನು ಇಳಿಯಬೇಡಿರಿ. ಬ್ಯಾಟರಿಯ ವಿಷಯವು ಮುಂದಿನ ತಿಂಗಳಿಗೆ.