ತಾತನ ‘ಬರೀ ಫ್ಲೂ’

ಮಕ್ಕಳೇ, ಹೋದ ವಾರ ನಮ್ಮ ಮನೆಯಲ್ಲಿ ಚೌಕಾಬಾರ ನಿಂತೇಹೋಗುವುದರಲ್ಲಿತ್ತು. ಏಳನೇ ತರಗತಿಯ ನಮ್ಮ ಪುಟ್ಟಿ ಸ್ಕೂಲಿನಿಂದ ಜ್ವರ, ಕೆಮ್ಮು ಹೊತ್ತುಕೊಂಡು ಬಂದಿದ್ದಳು. ಸಂಜೆ ಆರು ಗಂಟೆಗೆ ತಾತ ಎಂದಿನಂತೆ ನಡುಮನೆಯಲ್ಲಿ ಮಣೆ ಇಟ್ಟು, ಕವಡೆ ಕುಲುಕುತ್ತಾ “ಬಾರೇ ಪುಟ್ಟಿ” ಎಂದು ಕರೆದರು. ಅವಳು ಮಾಸ್ಕ್ ಹಾಕಿಕೊಂಡು ಕೋಣೆಯ ಬಾಗಿಲಲ್ಲೇ ನಿಂತಳು.

“ನಾನು ಬರಲ್ಲ ತಾತ. ಕೊರೊನಾ ಇದ್ದರೆ?”

“ಇದ್ದರೇನಂತೆ? ಅದೀಗ ಬರೀ ಫ್ಲೂ ಕಣೇ.”

“ಬರೀ ಫ್ಲೂ ಅಂದ್ರೆ ಎಷ್ಟು?”

ತಾತ ನನ್ನ ಮುಖ ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ನನಗೆ ಆ ಪ್ರಶ್ನೆ ಬಹಳ ಹಿಡಿಸಿತು. ‘ಬರೀ’ ಎಂದವರು ಎಷ್ಟು ಎಂದೂ ಹೇಳಬೇಕಲ್ಲ!

ಎರಡು ಕಾಯಿಲೆಗಳಲ್ಲಿ ಯಾವುದು ಜೋರು ಎಂದು ಅಳೆಯುವುದು ಸುಲಭವಲ್ಲ. ಶೀತ ಜ್ವರ ಬಂದವರಲ್ಲಿ ಎಷ್ಟೋ ಜನ ಮೆಣಸಿನ ಕಷಾಯ ಕುಡಿದು ಹೊದ್ದು ಮಲಗುತ್ತಾರೆ. ಅವರಿಗೆ ಬಂದದ್ದು ಕೊರೊನಾನೋ ಫ್ಲೂನೋ ಎಂದು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಆಸ್ಪತ್ರೆಗೆ ಸೇರಿದವರ ವಿಷಯ ಹಾಗಲ್ಲ. ಅವರ ಪರೀಕ್ಷೆಯ ಫಲಿತಾಂಶ, ವಯಸ್ಸು, ಸಕ್ಕರೆ ಕಾಯಿಲೆ, ಹಾಕಿಸಿಕೊಂಡ ಲಸಿಕೆ ಎಲ್ಲವೂ ದಾಖಲೆಯಲ್ಲಿರುತ್ತವೆ.

ಅಮೆರಿಕದಲ್ಲಿ ಮಾಜಿ ಸೈನಿಕರಿಗೆಂದೇ ದೇಶದುದ್ದಕ್ಕೂ ಸರ್ಕಾರಿ ಆಸ್ಪತ್ರೆಗಳಿವೆ. ಸೇಂಟ್ ಲೂಯಿಸ್ ನಗರದ ಡಾ. ಝಿಯಾದ್ ಅಲ್-ಅಲಿ ಮತ್ತು ಅವರ ಸಂಗಡಿಗರು ಆ ಆಸ್ಪತ್ರೆಗಳ ದಾಖಲೆ ಹಿಡಿದು ಕೂತರು. 2022ರ ಅಕ್ಟೋಬರಿನಿಂದ 2023ರ ಜನವರಿವರೆಗಿನ ಚಳಿಗಾಲದಲ್ಲಿ ಕೊರೊನಾದಿಂದ ಸೇರಿದವರು 8,996 ಮಂದಿ, ಫ್ಲೂನಿಂದ ಸೇರಿದವರು 2,403 ಮಂದಿ. ಕಾಲು ಮುರಿದುಕೊಂಡು ಬಂದವರಿಗೆ ಪರೀಕ್ಷೆಯಲ್ಲಿ ಕೊರೊನಾ ಕಂಡಿತು ಎನ್ನಿ, ಅಷ್ಟಕ್ಕೇ ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಕಾಯಿಲೆಗೆಂದೇ ಸೇರಿದವರಾಗಿರಬೇಕು. ಎರಡೂ ಒಟ್ಟಿಗೆ ತಗುಲಿದವರನ್ನೂ ಬಿಟ್ಟರು. ಒಂದು ಗುಂಪಿನಲ್ಲಿ ವಯಸ್ಸಾದವರು, ಬೇರೆ ಕಾಯಿಲೆ ಇದ್ದವರು ಹೆಚ್ಚಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲವಲ್ಲ? ಅದನ್ನೂ ಲೆಕ್ಕದಲ್ಲೇ ಸರಿದೂಗಿಸಿದರು. ಒಂದು ತರಗತಿಗೆ ಸುಲಭದ ಪ್ರಶ್ನೆಪತ್ರಿಕೆ, ಇನ್ನೊಂದಕ್ಕೆ ಕಷ್ಟದ್ದು ಕೊಟ್ಟು ಅಂಕ ಹೋಲಿಸಿದರೆ ನೀವು ಸುಮ್ಮನಿರುತ್ತೀರಾ?

30 ದಿನಗಳೊಳಗೆ ತೀರಿಕೊಂಡವರು ಎಷ್ಟು ಎಂದು ನೋಡಿದಾಗ ಕೊರೊನಾದಲ್ಲಿ ನೂರಕ್ಕೆ 5.97, ಫ್ಲೂನಲ್ಲಿ ನೂರಕ್ಕೆ 3.75 ಬಂತು.

“ಅಂದರೆ ಆರು ಮತ್ತು ನಾಲ್ಕು,” ಎಂದಳು ಪುಟ್ಟಿ ಬಾಗಿಲಿನಿಂದಲೇ.

“ನೋಡಿದೆಯಾ, ಹೆಚ್ಚು ಕಡಿಮೆ ಒಂದೇ!” ಎಂದರು ತಾತ. ಅವರ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. 2020ರಲ್ಲಿ ಇದೇ ಬಗೆಯ ಲೆಕ್ಕದಲ್ಲಿ ಕೊರೊನಾ ರೋಗಿಗಳು ಸಾಯುವ ಅಪಾಯ ಫ್ಲೂ ರೋಗಿಗಳಿಗಿಂತ ಸುಮಾರು 5 ಪಟ್ಟು ಇತ್ತು. ನೂರಕ್ಕೆ 17ರಿಂದ 21 ಜನ ಹೋಗುತ್ತಿದ್ದರು. ನಮ್ಮ ದೇಶದ ಮೊದಲ ಕೊರೊನಾ ಸಾವು ಅದೇ ವರ್ಷ ಮಾರ್ಚಿನಲ್ಲಿ, ಕಲಬುರಗಿಯ ಹಿರಿಯರೊಬ್ಬರದು. ಆ ದಿನಗಳ ಭಯ ದೊಡ್ಡವರಿಗೆ ನೆನಪಿದೆ. ಆಮೇಲೆ ಲಸಿಕೆ ಬಂತು, ಔಷಧಿ ಬಂತು, ಒಮ್ಮೆ ಕಾಯಿಲೆ ಬಂದುಹೋದವರ ಮೈಯಲ್ಲಿ ತಡೆಯುವ ಶಕ್ತಿಯೂ ಬಂತು. ಲಸಿಕೆಯ ಡೋಸ್ ಹೆಚ್ಚಾದಂತೆ ಸಾವಿನ ಅಪಾಯ ಇಳಿದದ್ದು ಈ ದಾಖಲೆಗಳಲ್ಲೇ ಕಾಣುತ್ತದೆ. ಮುಂದಿನ ಚಳಿಗಾಲ, 2023–24ರಲ್ಲಿ, ಅಂತರ ಇನ್ನೂ ಕಿರಿದಾಯಿತು: ಕೊರೊನಾ 5.70, ಫ್ಲೂ 4.24.

ಆದರೆ ಶೇಕಡಾ ಎಂಬುದು ಒಂದು ವಿಷಯವನ್ನು ಮುಚ್ಚಿಡುತ್ತದೆ. ನಾನು ಪುಟ್ಟಿಗೆ ಕೇಳಿದೆ: 8,996ರಲ್ಲಿ ಎಷ್ಟು ನೂರು? ಸುಮಾರು 90. ಪ್ರತಿ ನೂರಕ್ಕೆ 6 ಅಂದರೆ? 540. ಫ್ಲೂ ಕಡೆ ಸೇರಿದವರೇ ಕಡಿಮೆ; ಹೋದವರು ನೂರರ ಒಳಗೆ. ತಾತ ಕವಡೆ ಕೆಳಗಿಟ್ಟರು.

ಇನ್ನೂ ಒಂದು ಮಾತು ಅವರಿಗೆ ಹೇಳಲೇಬೇಕಿತ್ತು. ಆ ರೋಗಿಗಳ ಸರಾಸರಿ ವಯಸ್ಸು 70 ದಾಟಿತ್ತು. ನಮ್ಮ ಯಜಮಾನರಿಗೆ 74, ಜೊತೆಗೆ ಸಕ್ಕರೆ ಕಾಯಿಲೆ. ಅದು ಪುಟ್ಟಿಯ ವಯಸ್ಸಿನವರ ಲೆಕ್ಕವಲ್ಲ, ಅವರದೇ ಲೆಕ್ಕ. ಇನ್ನು ಆ ಫ್ಲೂ ತಾನೇ ಏನು ಕಡಿಮೆಯದು? ಆಸ್ಪತ್ರೆ ಸೇರಿದ ಹಿರಿಯರಲ್ಲಿ ನೂರಕ್ಕೆ ನಾಲ್ವರು ಒಂದು ತಿಂಗಳೊಳಗೆ ಇಲ್ಲವಾಗುತ್ತಾರೆ ಎಂದರೆ ಅದಕ್ಕೆ ‘ಬರೀ’ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ನಮ್ಮಲ್ಲಿ ಎಚ್1ಎನ್1 ಎಂದರೆ ಬೆಚ್ಚುವವರು, ಫ್ಲೂ ಎಂದರೆ ನಗುತ್ತಾರೆ. ಎಚ್1ಎನ್1 ಕೂಡ ಫ್ಲೂನೇ!

(ಅಂದಹಾಗೆ, ಆ ಮಾಜಿ ಸೈನಿಕರು ಬಹುಪಾಲು ಗಂಡಸರು. ಅಜ್ಜಿಯರ ಲೆಕ್ಕ ಇದರಲ್ಲಿ ಕಡಿಮೆಯೇ ಎಂಬ ದೂರು ನನ್ನದು. ಮನೆಗಳಲ್ಲೇ ಗುಣವಾದವರ ಲೆಕ್ಕವಂತೂ ಇಲ್ಲವೇ ಇಲ್ಲ. ಆದ್ದರಿಂದ ಜ್ವರ ಬಂದ ಪ್ರತಿ ನೂರು ಜನಕ್ಕೆ ಆರು ಎಂದು ಯಾರೂ ಓದಿಕೊಂಡು ಹೆದರಬೇಡಿ.)

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಫ್ಲೂಗೂ ವರ್ಷಕ್ಕೊಂದು ಲಸಿಕೆ ಇದೆಯಲ್ಲ, ಡಾಕ್ಟರನ್ನ ಕೇಳೋಣ ಬಿಡು” ಎಂದರು. ಹೋದ ವರ್ಷ ನಾನು ಇದೇ ಮಾತು ಹೇಳಿದಾಗ ಪೇಪರಿನಿಂದ ತಲೆ ಎತ್ತಿರಲಿಲ್ಲ.

ಚೌಕಾಬಾರ ನಿಲ್ಲಲಿಲ್ಲ. ಪುಟ್ಟಿ ಕೋಣೆಯ ಕಿಟಕಿ ತೆರೆದು ಮಂಚದ ಮೇಲೆ ಕೂರುವುದು, ತಾತ ನಡುಮನೆಯಲ್ಲಿ ಇಬ್ಬರ ಕವಡೆಯನ್ನೂ ತಾವೇ ಹಾಕಿ ಬಿದ್ದದ್ದನ್ನು ಕೂಗಿ ಹೇಳುವುದು, ಯಾವ ಕಾಯಿ ನಡೆಸಬೇಕೆಂದು ಅವಳು ಅಲ್ಲಿಂದ ಕೂಗುವುದು. ಐದು ದಿನ ಹೀಗೇ ನಡೆಯಿತು. ಆ ಐದು ದಿನದಲ್ಲಿ ತಾತ ಒಂದು ಆಟವನ್ನೂ ಸೋಲಲಿಲ್ಲ. ಈ ಲೆಕ್ಕವನ್ನು ಮಾತ್ರ ಪುಟ್ಟಿ ಇನ್ನೂ ಒಪ್ಪಿಲ್ಲ.