ಬೋರ್ಡೋ ಮಿಶ್ರಣ ಬರೀ ಮಿಶ್ರಣವೇ?



ವಿಜ್ಞಾನದಲ್ಲಿ ಧಾತು, ಸಂಯುಕ್ತ, ಮಿಶ್ರಣ ಎಂಬ ಪಾಠ ಉಂಟು. ಮಿಶ್ರಣಕ್ಕೆ ಉದಾಹರಣೆ ಕೊಡಿ ಎಂದರೆ ನಾವೆಲ್ಲ ಮರಳು ಮತ್ತು ಉಪ್ಪು ಎಂದು ಬರೆಯುತ್ತೇವೆ. ಮರಳಿಗೆ ಉಪ್ಪು ಹಾಕುವವರನ್ನು ಇಚಿಲಂಪಾಡಿಯಲ್ಲಿ ನಾನಂತೂ ನೋಡಿಲ್ಲ. ಆದರೆ ಮೈಲುತುತ್ತಿಗೆ ಸುಣ್ಣ ಹಾಕುವುದನ್ನು ಅಡಿಕೆ ತೋಟ ಇರುವವರೆಲ್ಲ ನೋಡಿದ್ದಾರೆ. ಕೊಳೆರೋಗ ಬಾರದ ಹಾಗೆ ಬಿಡುವ ಮದ್ದು ಅದು. ಪಾಠಕ್ಕೆ ಅದನ್ನೇ ಉದಾಹರಣೆ ಮಾಡಬೇಕೆಂದು ನನ್ನ ಅಭಿಪ್ರಾಯ. ಅದರಲ್ಲಿ ಮೂರೂ ವಿಧ ಸಿಗುತ್ತದೆ.

ಮೊದಲು ಮೈಲುತುತ್ತು ನೋಡಿ. ಅದರಲ್ಲಿ ತಾಮ್ರ, ಗಂಧಕ, ಆಮ್ಲಜನಕ, ಜಲಜನಕ ಎಂಬ ನಾಲ್ಕು ಧಾತುಗಳು ಉಂಟು. ತಾಮ್ರ ಕೆಂಪು, ಗಂಧಕ ಹಳದಿ, ಉಳಿದ ಎರಡು ಕಣ್ಣಿಗೆ ಕಾಣದ ಅನಿಲ. ಸೇರಿ ಆದದ್ದು ನೀಲಿ ಹರಳು! ಶುದ್ಧ ಮೈಲುತುತ್ತನ್ನು ಕಡಬದಿಂದ ತಂದರೂ ಪುತ್ತೂರಿನಿಂದ ತಂದರೂ ಒಂದು ಕಿಲೋದಲ್ಲಿ ಸುಮಾರು 250 ಗ್ರಾಂ ತಾಮ್ರವೇ ಇರುವುದು. ಆದ್ದರಿಂದ ಅದು ಸಂಯುಕ್ತ. ಮಿಶ್ರಣಕ್ಕೆ ಅಂಥ ಲೆಕ್ಕ ಇಲ್ಲ. ಚರುಮುರಿಗೆ ಈರುಳ್ಳಿ ಒಂದು ಮುಷ್ಟಿ ಹೆಚ್ಚು ಬಿದ್ದರೂ ಅದು ಚರುಮುರಿಯೇ.

ಮದ್ದು ಮಾಡುವಾಗ ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಲ್ಲಿ ಕರಗಿಸುತ್ತಾರೆ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಲ್ಲಿ ಕಲಸುತ್ತಾರೆ. ಇಲ್ಲಿವರೆಗೆ ಎರಡೂ ಮಿಶ್ರಣಗಳೇ. ನೀಲಿ ನೀರನ್ನು ಆರಲು ಬಿಟ್ಟರೆ ನೀಲಿ ಹರಳು ವಾಪಸ್ ಸಿಗುತ್ತದೆ. ಆದರೆ ಅದನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ದು ಕಲಕಿದ ಮೇಲೆ, ಎಷ್ಟು ಸೋಸಿದರೂ ಆರಿಸಿದರೂ ಆ ಮೈಲುತುತ್ತು ಸಿಗುವುದಿಲ್ಲ. ನೀರಿನಲ್ಲಿ ಕರಗದ ತಾಮ್ರದ ಹೊಸ ಸಂಯುಕ್ತಗಳು ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಅಲ್ಲಿ ಆಗಿರುತ್ತವೆ. ಕರಗದ ಕಾರಣವೇ ಅದು ಮಳೆಗೆ ಬೇಗ ತೊಳೆದು ಹೋಗದೆ ಅಡಿಕೆ ಗೊನೆಗೆ ಅಂಟಿ ನಿಲ್ಲುವುದು. ಡ್ರಮ್ಮಿನಲ್ಲಿ ಇರುವುದು ಒಟ್ಟಾರೆ ಮಿಶ್ರಣ ಹೌದು, ಆದರೆ ರೋಗ ತಡೆಯುವುದು ಅದರೊಳಗೆ ಹುಟ್ಟಿದ ಸಂಯುಕ್ತ. ಕೆಲವರು ಬೋರ್ಡೋ ದ್ರಾವಣ ಅನ್ನುತ್ತಾರೆ. ಅದೂ ಸರಿಯಲ್ಲ, ಸ್ವಲ್ಪ ಹೊತ್ತು ಕಲಕದೆ ಇಟ್ಟರೆ ಅಡಿಗೆ ಹೋಗಿ ಕೂರುತ್ತದೆ.

ಹೆಸರು ಎಂತಾದರೆ ಎಂತ, ಮದ್ದು ಬಿಟ್ಟರೆ ಆಯ್ತಲ್ಲ ಎಂದು ಯಾರಾದರೂ ಕೇಳಬಹುದು. ನಾನು ಒಪ್ಪುವುದಿಲ್ಲ. ಬರೀ ಮಿಶ್ರಣ ಎಂದುಕೊಂಡರೆ ಅಳತೆ ಹೇಗಿದ್ದರೂ ನಡೆಯುತ್ತದೆ ಅನಿಸುತ್ತದೆ. ಸುಣ್ಣ ಕಡಿಮೆಯಾದರೆ ಮೈಲುತುತ್ತು ಬದಲಾಗದೆ ಉಳಿಯುತ್ತದೆ, ಅದು ಎಳೆ ಕಾಯಿಯನ್ನೂ ಸೋಗೆಯನ್ನೂ ಸುಡುತ್ತದೆ. 2013ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಕೊಳೆರೋಗದಿಂದ ಎಷ್ಟೋ ತೋಟಗಳ ಅಡಿಕೆ ಉದುರಿತ್ತು. ರೋಗದಿಂದ ಉದುರುವುದು ಒಂದು ಕಡೆ, ಮದ್ದಿನಿಂದಲೇ ಹಾಳಾದರೆ ಹೇಗೆ?

ಅದಕ್ಕೆ ಹಿರಿಯರು ಒಂದು ಪರೀಕ್ಷೆ ಮಾಡುತ್ತಾರೆ. ಹೊಳೆಯುವ ಕಬ್ಬಿಣದ ಕತ್ತಿಯನ್ನು ಮದ್ದಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಆ ಕೆಂಪು ತುಕ್ಕಲ್ಲ, ತಾಮ್ರ! ಸಂಯುಕ್ತದಿಂದ ಬಿಟ್ಟು ಬಂದ ಧಾತುವೇ ಅಲ್ಲಿ ಕೂತಿರುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಈ ಮದ್ದು ಮಾಡಬಾರದು ಎನ್ನುವುದೂ ಇದಕ್ಕೇ. ಅವರು ಪಾಠ ಓದದೆ ಮಾಡುತ್ತಾರೆ, ನಾವು ಓದಿಯೂ ನೋಡುವುದಿಲ್ಲ.

ಬೋರ್ಡೋ ಅಂದರೆ ಫ್ರಾನ್ಸ್ ದೇಶದ ಒಂದು ನಗರ. ಅಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಂತೆ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತು ಸುಣ್ಣ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ರೋಗ ಬಾರದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ 1882ರಲ್ಲಿ ಗಮನಿಸಿ, 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಎಂಬ ವಿಜ್ಞಾನಿ 1910ರಲ್ಲಿ ಬರೆದರು. ಈ ಮದ್ದನ್ನು ಅಡಿಕೆಗೆ ಬಿಡಲು ಹೇಳಿದವರೂ ಅವರೇ.

ಮೈಲುತುತ್ತು ವಿಷ, ಮಕ್ಕಳು ಮುಟ್ಟಬಾರದು ಎಂಬ ಮಾತು ನಿಜ. ಅದಕ್ಕೆ ಮಾಷ್ಟ್ರೇ ಮಾಡಿ ತೋರಿಸಲಿ, ನಾವು ದೂರ ನಿಂತು ನೋಡುತ್ತೇವೆ. ಮಳೆ ಹಿಡಿಯುವ ಮೊದಲು, ಶಾಲೆ ಶುರುವಾದ ವಾರದಲ್ಲೇ ಆಗಬೇಕು. ಎರಡು ಗಾಜಿನ ಲೋಟ, ಒಂದು ಚಮಚ ಮೈಲುತುತ್ತು, ಅಷ್ಟೇ ಸುಣ್ಣ, ತುಕ್ಕು ಹಿಡಿಯದ ಒಂದು ಕಬ್ಬಿಣದ ಮೊಳೆ ಸಾಕು.